ಮುಜಫ್ಫರ್‌ಪುರದಲ್ಲಿ ಮೆಣಸ್ಕಾಯಿ

ಮಾವು, ಅನಾನಸು, ಕೊನೆಗೆ ದ್ರಾಕ್ಷಿಯನ್ನೂ ಬಿಡದೆ ಮೆಣಸ್ಕಾಯಿ ಎಂಬ ಹುಳಿ-ಸಿಹಿ-ಖಾರದ ಗೊಜ್ಜು ಮಾಡುವ ಕರಾವಳಿಯವನು ನಾನು. ಇಂಥವನನ್ನು ಬಿಹಾರದ ಮುಜಫ್ಫರ್‌ಪುರಕ್ಕೆ ವರ್ಗ ಮಾಡುವ ಮುಂಚೆ ಬ್ಯಾಂಕಿನವರು ಅಲ್ಲಿಯ ಹಣ್ಣುಗಳ ಒಪ್ಪಿಗೆ ಕೇಳಬೇಕಿತ್ತು.

ಆ ಊರೆಂದರೆ ಶಾಹಿ ಲಿಚಿ. 2018ರಲ್ಲಿ ಜಿಐ ಮಾನ್ಯತೆಯೂ ಸಿಕ್ಕಿದೆ. ಮೇ ಕೊನೆಗೆ ಎಲೆ ಸಮೇತ ಗೊಂಚಲಾಗಿ ಪೇಟೆಗೆ ಬರುತ್ತದೆ. ಮಾರುವುದು ನೂರರ ಲೆಕ್ಕದಲ್ಲಿ. ಕೆಳಮನೆಯ ಚಾಚೀಜಿ ತಮ್ಮ ತೋಟದ ಲಿಚಿಯನ್ನು ಬಕೆಟ್ ತುಂಬ ಕಳಿಸಿ, "ತಣ್ಣೀರಲ್ಲಿ ನೆನೆಸಿ ತಿನ್ನಿ, ಮ್ಯಾನೇಜರ್ ಬಾಬು" ಎಂದರು. ಕಿತ್ತ ಮೇಲೆ ಈ ಹಣ್ಣು ಮಾಗುವುದಿಲ್ಲ. ಹೊರಗಿಟ್ಟರೆ ಎರಡು ಮೂರು ದಿನದಲ್ಲಿ ಸಿಪ್ಪೆ ಕಂದುತ್ತದೆ. ಹಾಗಾಗಿ ಅಡುಗೆ ಮಾಡದೆ ಬೇರೆ ದಾರಿಯೇ ಇರಲಿಲ್ಲ. (ಫ್ರಿಜ್ ಇತ್ತು. ಆ ವಿಷಯ ಈಗ ಬೇಡ.)

ಭಾನುವಾರ ಚಾಚೀಜಿಯ ಮನೆಯವರನ್ನೆಲ್ಲ ಊಟಕ್ಕೆ ಕರೆದೆ.

ಪಾಯಸಕ್ಕೆ ಹಾಲು ಕಾಯಿಸಿ ಅರ್ಧಕ್ಕಿಳಿಸಿ, ಕುದಿಯುತ್ತಿರುವಾಗಲೇ ಲಿಚಿ ಹೆಚ್ಚಿ ಸುರಿದೆ. ಮಾಗಿದ ಲಿಚಿಯ ಹುಳಿ ನಾಲಿಗೆಗೆ ಅಷ್ಟಾಗಿ ತಿಳಿಯದು. ಬಿಸಿ ಹಾಲಿಗೆ ತಕ್ಷಣ ತಿಳಿಯುತ್ತದೆ. ಹಾಲು ಪೂರ್ತಿ ಆರಿದ ಮೇಲೆ ಹಣ್ಣು ಹಾಕಬೇಕೆಂಬುದು ಆ ಬೀದಿಯಲ್ಲಿ ನನ್ನೊಬ್ಬನಿಗೇ ಗೊತ್ತಿರಲಿಲ್ಲವಂತೆ. ಒಡೆದದ್ದನ್ನು ಬಟ್ಟೆಯಲ್ಲಿ ಹಿಂಡಿ, ಸಕ್ಕರೆ ಹಾಕಿ ಮಗುಚಿ, 'ಕಲಾಕಂದ್' ಎಂದು ನಾಮಕರಣ ಮಾಡಿದೆ. ಛೇನಾ ತಿಂದೇ ಬೆಳೆದ ಜನರ ಮುಂದೆ!

ಮೆಣಸ್ಕಾಯಿಯ ಬಗ್ಗೆ ಮಾತ್ರ ಅಳುಕಿರಲಿಲ್ಲ. ಊರಿಂದ ತಂದ ಬ್ಯಾಡಗಿ ಮೆಣಸು, ಎಳ್ಳು, ಉದ್ದಿನಬೇಳೆ ಹುರಿದು ಕಾಯಿ ಜೊತೆ ರುಬ್ಬಿದೆ. ಹುಣಸೆ, ಬೆಲ್ಲ ಬಿತ್ತು. ಅನಾನಸಿಗೆ ಕೊಡುವಷ್ಟೇ ಬೆಂಕಿ ಕೊಟ್ಟೆ. ಅನಾನಸು ತಡೆದುಕೊಳ್ಳುತ್ತದೆ. ಲಿಚಿಯ ಪರಿಮಳ ಮೊದಲ ಕುದಿಗೇ ಕಿಟಕಿ ದಾಟಿ ತವರುತೋಟ ಸೇರಿತು. ಬೀಜ ಬಿಡಿಸಲು ಬೇಸರವಾಗಿ ಇಡಿಯಾಗಿಯೇ ಹಾಕಿದ್ದೆನಲ್ಲ, ಬಿಳಿ ತಿರುಳು ಅಲ್ಲಲ್ಲಿ ಹರಿದು ಒಳಗಿನ ಕಪ್ಪು ಬೀಜ ಇಣುಕತೊಡಗಿತು. ಕೆಂಪು ರಸದಲ್ಲಿ ತೇಲುತ್ತ ಅಷ್ಟೂ ಲಿಚಿ ಕಣ್ಣುಗುಡ್ಡೆಗಳಂತೆ ನನ್ನನ್ನೇ ದುರುಗುಟ್ಟಿದವು.

ಬಡಿಸಿದ ಕೂಡಲೇ ಮೊಮ್ಮಗ ಕೇಳಿದ, "ದಾದೀ, ಇವು ಯಾರ ಕಣ್ಣು?"

ಚಾಚಾಜಿ ಎತ್ತಿದ ತುತ್ತು ಇಳಿಸಿದರು. ಮಾನ ಉಳಿಸಿಕೊಳ್ಳಲು ನಾನು ಚೀನಾಕ್ಕೆ ಓಡಿದೆ: "ಲಿಚಿಗೆ ಖಾರ, ಹುಳಿ ಹೊಸದೇನಲ್ಲ. ಫೂಜೌ ನಗರದಲ್ಲಿ 'ಲಿಚಿ ಮಾಂಸ' ಎಂಬ ಪ್ರಸಿದ್ಧ ಅಡುಗೆಯೇ ಇದೆ." ಅವರ ಮಗ ಕೂತಲ್ಲೇ ಮೊಬೈಲಿನಲ್ಲಿ ಹುಡುಕಿದ. ಅದರಲ್ಲಿ ಲಿಚಿಯೇ ಇಲ್ಲ! ಹಂದಿಮಾಂಸಕ್ಕೆ ಗೀರು ಹಾಕಿ ಕರಿದಾಗ ತುಂಡು ಮುದುರಿ ಲಿಚಿಯಂತೆ ಕಾಣುತ್ತದೆ, ಹೆಸರು ಬಂದದ್ದು ಅದರಿಂದ. ಹೆಸರಲ್ಲಿ ಲಿಚಿ ಇಟ್ಟುಕೊಂಡ ಬಾಣಸಿಗರೇ ಹಣ್ಣನ್ನು ಅದರ ಪಾಡಿಗೆ ಬಿಟ್ಟಿದ್ದರು. ಶುದ್ಧ ಶಾಕಾಹಾರಿ ಚಾಚಾಜಿಯ ಎದುರು ಹಂದಿಯನ್ನು ಎಳೆದು ತಂದದ್ದು ಮಾತ್ರ ನನಗೆ ದಕ್ಕಿತು.

ರಸ ಚೆನ್ನಾಗಿದೆಯೆಂದು ಚಾಚೀಜಿ ಎರಡು ಸಲ ಹಾಕಿಸಿಕೊಂಡರು. ಲಿಚಿಗಳು ಅವರ ತಟ್ಟೆಯಂಚಿಗೆ ಸಾಲಾಗಿ ನಿಂತವು.

ಜೂನ್‌ನಲ್ಲಿ ಚೈನಾ ತಳಿಯ ಲಿಚಿ ಮಾಗಿತು. ಮೊಮ್ಮಗ ಗೊಂಚಲು ಹಿಡಿದು ಮಹಡಿ ಹತ್ತಿ ಬಂದವನು ಹೊಸಿಲಾಚೆಯೇ ನಿಂತ.

"ದಾದೀ ಹೇಳಿದ್ದಾರೆ, ಮೊದಲು ಗ್ಯಾಸಿನ ರೆಗ್ಯುಲೇಟರ್ ಕೊಡಬೇಕಂತೆ."