ಸಕುಟುಂಬ ಸಪರಿವಾರ ಸುಬ್ರಹ್ಮಣ್ಯಕ್ಕೆ

ಕ್ಯಾಲಿಫೋರ್ನಿಯದ ಫ್ರೀಮಾಂಟಿನಲ್ಲಿ ಮಗುವಿನ ಹುಟ್ಟುಹಬ್ಬಕ್ಕೆ ಕರೆಯುವುದು ನಮ್ಮ ಕುಕ್ಕೆಯಲ್ಲಿ ಸರ್ಪಸಂಸ್ಕಾರ ಮಾಡಿಸುವುದಕ್ಕಿಂತ ಕಷ್ಟ. ಸರ್ಪಸಂಸ್ಕಾರಕ್ಕಾದರೆ ಎರಡು ದಿನ, ಒಂದು ರಶೀದಿ, ಯಾವಾಗ ಏನು ಮಾಡಬೇಕೆಂದು ಹೇಳಿಕೊಡಲು ಪುರೋಹಿತರು. ಇಲ್ಲಿ ಹೇಳಿಕೊಡುವವರಿಲ್ಲ. ತಪ್ಪಿದಾಗ ಮಾತ್ರ ತರಗತಿಯ ಎಲ್ಲ ಅಮ್ಮಂದಿರಿಗೂ ಗೊತ್ತಾಗುತ್ತದೆ.

ಮುಖ್ಯ ನಿಯಮ ಒಂದೇ. ಕರೆಯೋಲೆಯನ್ನು ಶಾಲೆಯೊಳಗೆ ಹಂಚುವುದಾದರೆ ತರಗತಿಯ ಎಲ್ಲ ಮಕ್ಕಳಿಗೂ ಹಂಚಬೇಕು. ಕೆಲವರನ್ನಷ್ಟೇ ಕರೆಯುವ ಆಸೆಯಿದ್ದರೆ ಶಾಲೆಯ ಹೊರಗೆ, ಗುಟ್ಟಾಗಿ, ಅರ್ಧ ತರಗತಿಗಿಂತ ಕಡಿಮೆ ಮಂದಿಯನ್ನು ಕರೆಯಬೇಕು. ಇಪ್ಪತ್ತನಾಲ್ಕರಲ್ಲಿ ಹತ್ತು ಮಂದಿಯನ್ನು ಕರೆದರೆ ಅದು ಸ್ನೇಹ. ಇಪ್ಪತ್ತೆರಡು ಮಂದಿಯನ್ನು ಕರೆದರೆ ಉಳಿದಿಬ್ಬರಿಗೆ ಮಾಡಿದ ದ್ರೋಹ. 2008ರಲ್ಲಿ ಸ್ವೀಡನ್ನಿನ ಲುಂಡ್ ಪಟ್ಟಣದಲ್ಲಿ ಎಂಟು ವರ್ಷದ ಹುಡುಗನೊಬ್ಬ ಹೀಗೆಯೇ ಇಬ್ಬರನ್ನು ಬಿಟ್ಟು ಶಾಲೆಯಲ್ಲಿ ಚೀಟಿ ಹಂಚಿದ. ಒಬ್ಬ ತನ್ನ ಹುಟ್ಟುಹಬ್ಬಕ್ಕೆ ಇವನನ್ನು ಕರೆದಿರಲಿಲ್ಲ, ಇನ್ನೊಬ್ಬನ ಜೊತೆ ಇವನಿಗೆ ಆಗುತ್ತಿರಲಿಲ್ಲ. ಶಾಲೆಯವರು ಚೀಟಿಗಳನ್ನು ಮುಟ್ಟುಗೋಲು ಹಾಕಿಕೊಂಡರು, ಹುಡುಗನ ಅಪ್ಪ ಸಂಸತ್ತಿನ ಒಂಬುಡ್ಸ್‌ಮನ್‌ಗೆ ದೂರು ಬರೆದರು. ಅಷ್ಟು ದೂರ ಹೋಗುವ ಅಗತ್ಯ ನಮ್ಮೂರಿನಲ್ಲಿ ಬಿದ್ದಿಲ್ಲ. ಕರೆಯಲು ಮರೆತ ಒಬ್ಬ ದೊಡ್ಡಪ್ಪ ಸಾಕು, ಮೂರು ತಲೆಮಾರು ವಿಚಾರಣೆ ನಡೆಯುತ್ತದೆ.

ಕರೆದ ಮೇಲೆ ಬಾರದವರ ಗತಿಯೂ ಚೆನ್ನಾಗಿಲ್ಲ. 2015ರ ಜನವರಿಯಲ್ಲಿ ಇಂಗ್ಲೆಂಡಿನ ಪ್ಲಿಮತ್ ಊರಿನ ಸ್ಕೀ ಇಳಿಜಾರಿನಲ್ಲಿ ಏರ್ಪಟ್ಟಿದ್ದ ಹುಟ್ಟುಹಬ್ಬಕ್ಕೆ ಬರುತ್ತೇನೆಂದು ಹೇಳಿ ಬಾರದೆ ಹೋದ ಐದು ವರ್ಷದ ಹುಡುಗನ ಶಾಲಾಚೀಲದಲ್ಲಿ 15.95 ಪೌಂಡಿನ ಬಿಲ್ಲು ಸಿಕ್ಕಿತು. ಜಗತ್ತಿನ ಪತ್ರಿಕೆಗಳೆಲ್ಲ ಅದನ್ನು ಬರೆದವು. ಆ ಪದ್ಧತಿ ನಮ್ಮ ಕಡೆ ಇದ್ದಿದ್ದರೆ ಮಗಳ ಮದುವೆಗೆ ಮಾಡಿದ ಸಾಲ ಬಾರದ ನೆಂಟರಿಂದಲೇ ತೀರಿ, ಅಡಿಕೆ ತೋಟಕ್ಕೆ ಎರಡು ಹೊಸ ಪಂಪು ಬರುತ್ತಿತ್ತು.

ಇಷ್ಟು ಪೀಠಿಕೆ ಏಕೆಂದರೆ, ಈಗ ಇಲ್ಲಿನ ಕನ್ನಡಿಗರಲ್ಲಿ ಹುಟ್ಟುಹಬ್ಬವನ್ನು ದೂರ ದೂರ ಮಾಡುವ ಹೊಸ ಚಾಳಿ ಹುಟ್ಟಿದೆ. ಮನೆಯ ಗ್ಯಾರೇಜಿನಲ್ಲಿ ಕಾಸ್ಟ್‌ಕೋ ಕೇಕು, ಚಿತ್ರಾನ್ನ, ಜ್ಯೂಸು ಇಟ್ಟು ಎರಡರಿಂದ ನಾಲ್ಕು ಗಂಟೆಯೊಳಗೆ ಮುಗಿಸುತ್ತಿದ್ದ ಕಾಲ ಹೋಯಿತು. ಈಗ ಲೇಕ್ ಟಾಹೋದಲ್ಲಿ ಹಿಮದ ಮೇಲೆ ಆರನೆಯ ಹುಟ್ಟುಹಬ್ಬ. ಕಾರಿನಲ್ಲಿ ನಾಲ್ಕು ಗಂಟೆ, ಚಳಿಗಾಲದಲ್ಲಿ ಚಕ್ರಕ್ಕೆ ಸರಪಳಿ. ಅಥವಾ ಅರ್ಧ ರಾಜ್ಯ ದಾಟಿ ಡಿಸ್ನಿಲ್ಯಾಂಡು. ಕರೆಯೋಲೆಯ ಕೊನೆಯಲ್ಲಿ ಚುಕ್ಕೆ ಗಾತ್ರದ ಅಕ್ಷರದಲ್ಲಿ ಇನ್ನೊಂದು ಸಾಲು ಇರುತ್ತದೆ: ಪ್ರವೇಶದ ಟಿಕೆಟ್ಟು, ವಸತಿ ನಿಮ್ಮದೇ. ಕರೆದವರು ಕೊಡುವುದು ಕೇಕಿನ ತುಂಡು. ಅದನ್ನು ತಿನ್ನಲು ಬಂದವರು ತಿಂಗಳ ದಿನಸಿಯ ದುಡ್ಡು ಕಳೆದುಕೊಂಡಿರುತ್ತಾರೆ. ಹೋಗದಿದ್ದರೆ ನಮ್ಮ ಮಗುವಿಗೆ ಬೇಜಾರು. ಹೋದರೆ ಮುಂದಿನ ಸಲ ನಾವೂ ಅಷ್ಟೇ ದೂರ ಕರೆಯಬೇಕು.

ಈ ಸ್ಪರ್ಧೆಯಲ್ಲಿ ನನ್ನ ತಂಗಿ ಎಲ್ಲರನ್ನೂ ಸೋಲಿಸಿದಳು. ಮಗನ ಎಂಟನೆಯ ಹುಟ್ಟುಹಬ್ಬಕ್ಕೆ ಅವನ ಇಡೀ ತರಗತಿಯನ್ನು ಸುಬ್ರಹ್ಮಣ್ಯಕ್ಕೆ ಕರೆದಳು. ದಕ್ಷಿಣ ಕನ್ನಡ ಜಿಲ್ಲೆಯ, ನಮ್ಮ ಬಾಲ್ಯದಲ್ಲಿ ಸುಳ್ಯ ತಾಲ್ಲೂಕಿನಲ್ಲಿದ್ದು ಈಗ ಕಡಬಕ್ಕೆ ಸೇರಿದ ಸುಬ್ರಹ್ಮಣ್ಯಕ್ಕೇ.

ಅವಳ ಲೆಕ್ಕಾಚಾರ ಸರಿಯಾಗಿಯೇ ಇತ್ತು. ಹುಡುಗ ಹುಟ್ಟಿದ್ದು ಜುಲೈ ಕೊನೆಯಲ್ಲಿ. ಬೇಸಿಗೆ ರಜೆಯಲ್ಲಿ ಹುಟ್ಟಿದ ಅಮೆರಿಕದ ಮಕ್ಕಳದ್ದು ನತದೃಷ್ಟ ಜಾತಕ. ವರ್ಷವಿಡೀ ಬೇರೆಯವರ ಪಾರ್ಟಿಗೆ ಉಡುಗೊರೆ ಹೊತ್ತರೂ, ತಮ್ಮ ಸರದಿ ಬಂದಾಗ ಒಬ್ಬನೂ ಊರಿನಲ್ಲಿರುವುದಿಲ್ಲ. ಆ ವರ್ಷ ತಂಗಿಯ ಮನೆಯವರೂ ಆಶ್ಲೇಷಾ ಬಲಿ ಸೇವೆಗೆಂದು ಊರಿಗೆ ಹೊರಟಿದ್ದರು. ಇಷ್ಟು ವರ್ಷ ಉಂಡ ಪಾರ್ಟಿಗಳ ಋಣ ತೀರಿಸಲು ಇದಕ್ಕಿಂತ ಒಳ್ಳೆಯ ಸಮಯ ಉಂಟೆ? ಇಪ್ಪತ್ನಾಲ್ಕು ಮನೆಗೂ ಇವೈಟ್, ಅಂದರೆ ಇಂಟರ್ನೆಟ್ಟಿನ ಕರೆಯೋಲೆ, ಹೋಯಿತು. ಮೇಲೆ ಕುಮಾರಪರ್ವತದ ಚಿತ್ರ, ಕೆಳಗೆ ‘ಸಕುಟುಂಬ ಸಪರಿವಾರ ಆಗಮಿಸಬೇಕು’ ಎಂಬುದರ ಇಂಗ್ಲಿಷ್ ಅವತಾರ, ಅದರ ಕೆಳಗೆ ಭಾವನ ಒತ್ತಾಯಕ್ಕೆ ‘ನಿಮ್ಮ ಆಶೀರ್ವಾದವೇ ಉಡುಗೊರೆ’. ಸಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನ ಉತ್ತರ ಧ್ರುವದ ಮೇಲಿಂದ ಹಾರಿ ಬಂದಾಗ ದೂರ ಸುಮಾರು ಹದಿನಾಲ್ಕು ಸಾವಿರ ಕಿಲೋಮೀಟರ್ ಎಂದು ಬರೆದಿದ್ದರು. ಅಲ್ಲಿಂದ ಮುಂದೆ ಘಟ್ಟ ಇಳಿಯುವುದು ಬೇರೆ. ಯಾರು ಬರುತ್ತಾರೆ? ‘ಕರೆದ ಮರ್ಯಾದೆ ನಮಗೆ, ಬಾರದ ಲಾಭವೂ ನಮಗೆ’ ಎಂದಳು ತಂಗಿ.

ಇಪ್ಪತ್ಮೂರು ಮನೆಯವರು ವಿನಯದಿಂದ ಒಲ್ಲೆ ಎಂದರು. ಇಪ್ಪತ್ನಾಲ್ಕನೆಯವರು ‘ಬರುತ್ತೇವೆ, ನಾಲ್ವರು’ ಎಂದು ಗುಂಡಿ ಒತ್ತಿದರು.

ಒಹಾಯೊ ಕಡೆಯ ಜನ. ಹೆಂಡತಿ ಭೂಗೋಳದ ಟೀಚರು, ಗಂಡ ಅವಳು ಹೇಳಿದಲ್ಲಿಗೆ ಬರುವವನು. ಕರೆದಿದ್ದಾರೆ ಎಂದ ಮೇಲೆ ಬರಲಿ ಎಂದೇ ಕರೆದಿರಬೇಕು ಎಂಬುದು ಅವರ ಸರಳ ನಂಬಿಕೆ. ತಂಗಿ ಆ ರಾತ್ರಿ ಮಲಗಲಿಲ್ಲ. ಮರುದಿನದಿಂದ ಪ್ರಶ್ನೆಗಳು ಬರತೊಡಗಿದವು. ಮಗುವನ್ನು ಬಿಟ್ಟು ಹೋಗಿ ಎರಡು ಗಂಟೆ ಕಳೆದು ಬರುವ ಪಾರ್ಟಿಯೋ, ಅಪ್ಪ ಅಮ್ಮನೂ ಇರಬೇಕಾದದ್ದೋ? ಉಡುಪು ಹೇಗಿರಬೇಕು? ದೇವಸ್ಥಾನದೊಳಗೆ ಗಂಡಸರು ಅಂಗಿ ತೆಗೆಯಬೇಕು ಎಂದು ತಂಗಿ ಬರೆದಳು. ಇಷ್ಟು ಹಗುರದ ಡ್ರೆಸ್ ಕೋಡ್ ತಾನು ಕಂಡಿಲ್ಲವೆಂದು ಆ ಮನುಷ್ಯ ಸಂತೋಷಪಟ್ಟ. ಆಶೀರ್ವಾದವೇ ಉಡುಗೊರೆ ಎಂದರೆ ಅದನ್ನು ಕೊಡುವುದು ಹೇಗೆ ಎಂಬ ಪ್ರಶ್ನೆಗೆ ಮಾತ್ರ ಅವಳಲ್ಲಿ ಉತ್ತರವಿರಲಿಲ್ಲ. ಅವರು ಎಲ್ಲಿಯೋ ವಿಡಿಯೋ ನೋಡಿ, ಎಂಟು ವರ್ಷದ ಮಗನಿಗೆ ತಲೆಯ ಮೇಲೆ ಕೈಯಿಡುವ ಅಭ್ಯಾಸ ಮಾಡಿಸಿಕೊಂಡೇ ಬಂದರು.

ಊರಿಗೆ ಸುದ್ದಿ ಮುಟ್ಟಿದಾಗ ಅಮ್ಮನಿಗೆ ಇದ್ದದ್ದು ಬೇರೆ ಚಿಂತೆ. ‘ಎಂಥ ಮಾರಾಯ, ಆಟಿಯಲ್ಲಿ ಎಂಥ ಶುಭಕಾರ್ಯ?’ ತುಳುನಾಡಿನಲ್ಲಿ ಆಟಿ ತಿಂಗಳೆಂದರೆ ಮಳೆ, ಕಷ್ಟ, ಕೊಳೆರೋಗ ಬಂದ ಅಡಿಕೆ. ಮದುವೆ, ಮನೆ ಒಕ್ಕಲು ಯಾವುದೂ ಇಲ್ಲ. ಪುರೋಹಿತರು ಯೋಚಿಸಿ ಪರಿಹಾರ ಕೊಟ್ಟರು: ತಿಥಿ ನಕ್ಷತ್ರ ನೋಡಿ ಮಾಡುವುದಕ್ಕೆ ಆಟಿ ತಾಗುತ್ತದೆ, ಇಂಗ್ಲಿಷ್ ತಾರೀಕಿನ ಕಾರ್ಯಕ್ಕೆ ತಾಗುವುದಿಲ್ಲ. ಅಮ್ಮ ಒಪ್ಪಿದಳು. ಒಪ್ಪಿದ ಮೇಲೆ ಕೇಳಿದಳು, ‘ಅವರಿಗೆ ಕುಚ್ಚಲಕ್ಕಿ ಆಗ್ತದಾ, ಬೆಳ್ತಿಗೆ ಮಾಡ್ಬೇಕಾ?’

ನೆರೆಕರೆಯವರನ್ನು ಕರೆಯುವ ಕೆಲಸ ಊರಿಗೆ ಬಂದಿದ್ದ ನನಗೂ ಭಾವನಿಗೂ ಬಿತ್ತು. ಇವೈಟ್ ಕಳಿಸಿದವನಿಗೆ ಇದು ಅರ್ಥವಾಗುವ ವಿದ್ಯೆಯಲ್ಲ. ಕೊಡೆ ಹಿಡಿದು ತೋಟದ ಸಂಕ ದಾಟಿ ಮನೆಯಂಗಳಕ್ಕೆ ಹೋಗಬೇಕು. ಕಾಲು ತೊಳೆಯಬೇಕು. ಆಸರಿಗೆ ಬೆಲ್ಲ ನೀರು ಕುಡಿಯಬೇಕು. ಅಡಿಕೆಯ ಧಾರಣೆ, ಬೋರ್ಡೊ ದ್ರಾವಣ ಬಿಡಲು ಜನ ಸಿಗದ ಕಷ್ಟ, ಯಾರದ್ದೋ ಮೊಣಕಾಲು ಆಪರೇಷನ್ನು, ಎಲ್ಲ ಆಗಬೇಕು. ಎದ್ದು ನಿಂತು ಚಪ್ಪಲಿ ಹಾಕುವಾಗ, ಈಗ ನೆನಪಾದವರ ಹಾಗೆ, ಬಂದ ವಿಷಯ ಹೇಳಬೇಕು. ಅದೂ ‘ಬನ್ನಿ’ ಎಂದರೆ ಸಾಲದು, ‘ಎಲ್ಲರೂ ಹಿಂದಿನ ದಿನವೇ ಬರಬೇಕು’ ಎನ್ನಬೇಕು. ಅವರು ಹಿಂದಿನ ದಿನ ಬರಬಾರದು. ಈ ಕೊನೆಯ ಭಾಗವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಯಾರೂ ತಪ್ಪುವುದೂ ಇಲ್ಲ. ‘ಖಂಡಿತ ಬರ್ತೇವೆ’ ಎಂದವರು ಮನೆಗೊಬ್ಬರು, ‘ನೋಡುವ’ ಎಂದವರು ಬರುವುದಿಲ್ಲ, ಏನೂ ಹೇಳದೆ ನಕ್ಕವರು ಆರು ಮಂದಿ. ಅಡಿಗೆಯವರು ನಮ್ಮ ಪಟ್ಟಿಯನ್ನು ನೋಡಲೂ ಇಲ್ಲ, ಎಷ್ಟು ಮನೆ ಎಂದಷ್ಟೇ ಕೇಳಿ ಅಕ್ಕಿ ಅಳೆದರು. ಒಂದು ಸೌಟು ಹೆಚ್ಚಾಗಲಿಲ್ಲ, ಕಡಿಮೆಯಾಗಲಿಲ್ಲ.

ಭಾವನದ್ದು ಸಣ್ಣ ಮನಸ್ಸಲ್ಲ. ಡೈನೋಸಾರ್ ಪಾರ್ಟಿಯೆಂದು ರೆಸಾರ್ಟು ಹಿಡಿದು, ಮಂಗಳೂರಿನಿಂದ ಬಲೂನಿನ ಕಮಾನು, ಎರಡು ಅಂತಸ್ತಿನ ಕೇಕು ತರಿಸಿದ್ದ. ಮೇಲಿನ ಅಂತಸ್ತಿನ ಡೈನೋಸಾರ್ ಉಪ್ಪಿನಂಗಡಿಯಲ್ಲಿ ಬಾಲ, ಕಡಬದಲ್ಲಿ ತಲೆ ಕಳೆದುಕೊಂಡು ಉಡದ ಅವತಾರದಲ್ಲಿ ಬಂದಿಳಿಯಿತು. ಹಿಂದಿನ ರಾತ್ರಿ ಮಳೆ ಬಿದ್ದು ಕುಮಾರಧಾರೆಯ ಸ್ನಾನಘಟ್ಟ ಮುಳುಗಿ, ಕರೆಂಟು ಹೋಗಿ, ರೆಸಾರ್ಟಿಗೆ ಹೋಗುವ ಮಣ್ಣಿನ ದಾರಿಯೇ ತೊರೆಯಾಯಿತು. ಪಾರ್ಟಿ ನಮ್ಮ ಮನೆಯ ಚಾವಡಿಗೆ ಬಂತು.

ಈ ನಡುವೆ ಒಹಾಯೊದವರು ಬೆಂಗಳೂರಿನಲ್ಲಿ ಇಳಿದಿದ್ದರು. ‘ಅಲ್ಲಿಂದ ಟ್ಯಾಕ್ಸಿ ಮಾಡಿಕೊಂಡು ಬರಲಿ, ಅಡ್ರೆಸ್ ಕಳಿಸಿದ್ದೇನೆ’ ಎಂದ ಭಾವನನ್ನು ಅಮ್ಮ ನೋಡಿದ ನೋಟವನ್ನು ನಾನು ಬರೆಯಲಾರೆ. ‘ದಿಬ್ಬಣಕ್ಕೆ ಬಸ್ಸು ಮಾಡದೆ ಮದುವೆಗೆ ಕರೆದವರನ್ನು ನೋಡಿದ್ದೀಯಾ? ಕರೆದದ್ದು ನಾವು, ಅವರ ದಾರಿ ನಮ್ಮದು.’ ಭಾವ ಬಾಯಿ ಮುಚ್ಚಿ ಬೆಂಗಳೂರಿಗೆ ಹೋದ. ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದು ವಾಹನ ನಿಲ್ಲಿಸಿದ್ದರಿಂದ ಅವರನ್ನು ರೈಲಿನಲ್ಲಿ ಕೂರಿಸಿಕೊಂಡು ಬಂದ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗಗಳು, ಅವುಗಳ ನಡುವೆ ಜಲಪಾತಗಳು. ಮಕ್ಕಳಿಬ್ಬರೂ ಪ್ರತಿ ಸುರಂಗಕ್ಕೂ ಬೊಬ್ಬೆ ಹೊಡೆದರು. ಟೀಚರಮ್ಮ ಎಣಿಸಿದರು. ನೆಟ್ಟಣದಲ್ಲಿರುವ ಆ ಸುಬ್ರಹ್ಮಣ್ಯ ರೋಡ್ ಸ್ಟೇಷನ್ನಿನಲ್ಲಿ ನಾನು ಜೀಪು ನಿಲ್ಲಿಸಿಕೊಂಡು ಕಾಯುತ್ತಿದ್ದಾಗ ಆ ಹುಡುಗ ಇಳಿದವನೇ ಕೇಳಿದ, ಹುಟ್ಟುಹಬ್ಬ ಇನ್ನೂ ಬಾಕಿ ಇದೆಯೇ, ಇದೇ ಹುಟ್ಟುಹಬ್ಬವೇ ಎಂದು.

ಊಟದಲ್ಲಿ ಒಂದೇ ಗಲಿಬಿಲಿಯಾಯಿತು. ಮಳೆಗಾಲವಾದ್ದರಿಂದ ಪತ್ರೊಡೆ ಇತ್ತು. ಕೆಸುವಿನ ಎಲೆಯನ್ನು ತಿನ್ನಬಹುದು ಎಂದು ತಿಳಿಸಿದ ಮೇಲೆ, ಬಾಳೆ ಎಲೆಯನ್ನು ತಿನ್ನಬಾರದು ಎಂದು ಹೇಳಲು ಎಲ್ಲರೂ ಮರೆತಿದ್ದರು. ಬಳಿಕ ಹುಡುಗ ಎದ್ದು ಹೋಗಿ ನನ್ನ ಅಳಿಯನ ತಲೆಯ ಮೇಲೆ ಗಂಭೀರವಾಗಿ ಕೈಯಿಟ್ಟ. ಅಷ್ಟಕ್ಕೆ ನಿಲ್ಲದೆ ಪಂಕ್ತಿಯಲ್ಲಿ ಕೂತ ಎಂಬತ್ತು ದಾಟಿದ ಅಜ್ಜಂದಿರ ತಲೆಗೂ ಇಟ್ಟುಕೊಂಡು ಹೋದ. ಅವರು ಕೈಮುಗಿದು ಸ್ವೀಕರಿಸಿದರು.

ಪಾಯಸ ಮುಗಿಯುವ ಹೊತ್ತಿಗೆ ಅಂಗಳದಲ್ಲಿ ತೆಂಬರೆ ವಾದ್ಯದ ಸದ್ದು. ಆಟಿ ಕಳೆಂಜ ಬಂದಿದ್ದ. ಮೈಗೆ ತೆಂಗಿನ ತಿರಿ, ಮುಖಕ್ಕೆ ಬಣ್ಣ, ಕೈಯಲ್ಲಿ ತತ್ರದ ಕೊಡೆ. ಆಟಿಯಲ್ಲಿ ಮನೆಮನೆಗೆ ಬಂದು ಕುಣಿದು, ಮಾರಿ ಕಳೆದು, ಅಕ್ಕಿ ತೆಂಗಿನಕಾಯಿ ತೆಗೆದುಕೊಂಡು ಹೋಗುವವನನ್ನು ಯಾರೂ ಕರೆಯುವುದಿಲ್ಲ. ಕರೆಯದೆ ಬಂದರೂ ಮರ್ಯಾದೆ ಕಡಿಮೆಯಾಗದ ಅತಿಥಿ ನಮ್ಮ ಜಿಲ್ಲೆಯಲ್ಲಿ ಅವನೊಬ್ಬನೇ ಇರಬೇಕು. ಒಹಾಯೊದ ಅಪ್ಪ ನನ್ನ ಕಿವಿಯಲ್ಲಿ ಕೇಳಿದ, ‘ಇವರಿಗೆ ಗಂಟೆಗೆ ಎಷ್ಟು?’ ಫ್ರೀಮಾಂಟಿನಲ್ಲಿ ಸ್ಪೈಡರ್‌ಮ್ಯಾನನ್ನು ಬಾಡಿಗೆಗೆ ತಂದವನಿಗೆ ಬೇರೆ ಪ್ರಶ್ನೆ ಹೊಳೆಯುವುದು ಹೇಗೆ? ಮಕ್ಕಳಿಗೆ ಕಳೆಂಜನ ಮುಂದೆ ಉಡದ ಕೇಕು ಮರೆತೇ ಹೋಯಿತು, ಅದನ್ನು ಕೊನೆಗೆ ಕತ್ತರಿಸಿದ್ದು ಅಡಿಗೆಯವರು.

ಎರಡು ದಿನ ಕಳೆದು ಆಟಿ ಅಮಾವಾಸ್ಯೆ. ಬೆಳಕು ಹರಿಯುವ ಮೊದಲು ಕಲ್ಲಿನಿಂದ ಜಜ್ಜಿ ತಂದ ಹಾಲೆ ಮರದ ತೊಗಟೆಯ ಕಷಾಯವನ್ನು ಅಮ್ಮ ಅತಿಥಿಗಳಿಗೂ ಕೊಟ್ಟಳು. ಅದರ ಕಹಿ ಬಲ್ಲವರು ಉಸಿರು ಹಿಡಿದು ನೋಡುತ್ತಿದ್ದರು. ಒಹಾಯೊದ ಅಪ್ಪ ಪೂರ್ತಿ ಕುಡಿದು, ಮೆಂತೆ ಗಂಜಿಗೆ ಕೈ ಚಾಚುತ್ತ, ಇದಕ್ಕೆ ತಮ್ಮೂರಿನ ಕಾಫಿ ಅಂಗಡಿಯಲ್ಲಿ ಏಳು ಡಾಲರ್ ತೆಗೆದುಕೊಳ್ಳುತ್ತಾರೆ ಎಂದ.

ಶಾಲೆ ತೆರೆದ ಮೇಲೆ ಅವರ ಕರೆಯೋಲೆ ಬಂತು: ಮಗನ ಹುಟ್ಟುಹಬ್ಬ, ಒಹಾಯೊದಲ್ಲಿ, ಅಜ್ಜನ ಜೋಳದ ಹೊಲದಲ್ಲಿ. ‘ಅಷ್ಟು ದೂರ ಯಾರು ಹೋಗ್ತಾರೆ?’ ಎಂದಳು ತಂಗಿ. ‘ಹೋಗದೆ ಆಗ್ತದಾ? ಅವರು ಬಂದಿದ್ದಾರಲ್ಲ’ ಎಂದಳು ಫೋನಿನಲ್ಲಿ ಅಮ್ಮ. ಕರೆಯೋಲೆಯ ಕೊನೆಯಲ್ಲಿ ಸಣ್ಣ ಅಕ್ಷರದ ಸಾಲೂ ಇತ್ತು: ಕ್ಲೀವ್‌ಲ್ಯಾಂಡ್ ವಿಮಾನ ನಿಲ್ದಾಣಕ್ಕೆ ಕಾರು ಬರುತ್ತದೆ, ಮಲಗಲು ನಮ್ಮಲ್ಲೇ ಜಾಗವಿದೆ. ಇವೈಟ್ ಭಾಷೆಯಲ್ಲಿ ನಾನು ಓದಿದ ಮೊದಲ ದಿಬ್ಬಣದ ಸಾಲು ಅದು. ತಂಗಿ ಟಿಕೆಟ್ ತೆಗೆದಳು.

ಆದ್ದರಿಂದ ಟಾಹೋ, ಡಿಸ್ನಿಲ್ಯಾಂಡು ಎಂದು ಕರೆಯುತ್ತಿರುವ ಕನ್ನಡ ಬಂಧುಗಳಲ್ಲಿ ಒಂದು ವಿನಂತಿ. ಬರಲಿಕ್ಕಿಲ್ಲ ಎಂಬ ಧೈರ್ಯದ ಮೇಲೆ ಯಾರನ್ನೂ ಕರೆಯಬೇಡಿ, ಒಹಾಯೊದವರು ಎಲ್ಲ ತರಗತಿಯಲ್ಲೂ ಇರುತ್ತಾರೆ. ದೂರ ಕರೆಯುವುದಾದರೆ ಬಸ್ಸು ಮಾಡಿ, ಮಲಗಲು ಜಾಗ ಮಾಡಿ. ಅದು ಆಗದಿದ್ದರೆ ನಿಮ್ಮ ಗ್ಯಾರೇಜಿನಲ್ಲೇ ಎರಡರಿಂದ ನಾಲ್ಕರವರೆಗೆ ಚಿತ್ರಾನ್ನ ಹಾಕಿ. ನಾವು ಮನೆಮಂದಿಯೆಲ್ಲ ಬರುತ್ತೇವೆ, ಹಿಂದಿನ ದಿನವಲ್ಲ.