ಠ ಅಂದರೆ ಅಜ್ಜ

ನಮ್ಮ ಮಾವನವರು ಮುನಿಸಿಕೊಂಡಿದ್ದಾರೆ. ನನ್ನ ಮೇಲಲ್ಲ, ಮಗನ ಮೇಲಲ್ಲ, ಕನ್ನಡ ವರ್ಣಮಾಲೆಯ ಒಂದು ಅಕ್ಷರದ ಮೇಲೆ. ಭಾನುವಾರದಿಂದ ಈ ಮನೆಯಲ್ಲಿ ಅದರ ಹೆಸರೆತ್ತುವ ಹಾಗಿಲ್ಲ. ಎತ್ತಿದರೆ ನನಗೆ ನಗು ತಡೆಯಲ್ಲ, ಅವರಿಗೆ ಸಿಟ್ಟು ತಡೆಯಲ್ಲ.

ಮಾವ ಅರಸೀಕೆರೆ ಕಡೆಯ ನಿವೃತ್ತ ಹೆಡ್‌ಮೇಷ್ಟ್ರು. ಡಾಲಸ್ ಪಕ್ಕದ ಪ್ಲೇನೋಗೆ ಬರುವಾಗ ಅತ್ತೆಯ ಸೂಟ್‌ಕೇಸಿನಲ್ಲಿದ್ದದ್ದು ಹುರಿಹಿಟ್ಟು, ಚಟ್ನಿಪುಡಿ, ಕೊಬ್ಬರಿ. ಇವರದರಲ್ಲಿ ಸ್ಲೇಟು, ಬಳಪದ ಡಬ್ಬಿ ಮತ್ತು ಒಂದು ಟೈಮ್‌ಟೇಬಲ್ಲು. ವಾಪಸ್ ಹೊರಡುವುದರೊಳಗೆ ನಾಲ್ಕು ವರ್ಷದ ಮೊಮ್ಮಗ ಅಗಸ್ತ್ಯನಿಗೆ 49 ಅಕ್ಷರವೂ ಬರಬೇಕು. ಕಾಗುಣಿತ ಮುಂದಿನ ಸಲಕ್ಕೆ. ಅಗಸ್ತ್ಯ ಅಂತ ಹೆಸರು ಹುಡುಕಿ ಇಟ್ಟವರೂ ಇವರೇ. ಆ ಹೆಸರಿನ ಕೊನೆಯಲ್ಲಿ ಸ್ತ್ಯ ಎಂಬ ಮೂರಂತಸ್ತಿನ ಒತ್ತಕ್ಷರ ಕಾದು ನಿಂತಿದೆ ಎಂಬ ಸುದ್ದಿಯನ್ನು ಮಗುವಿಗೆ ನಾವಿನ್ನೂ ಮುಟ್ಟಿಸಿಲ್ಲ.

ಅಗ್ಗುವಿನ ಪ್ರಿಸ್ಕೂಲಿನವರಿಗೆ ಈ ಅವಸರವೇ ಇಲ್ಲ. "ತನ್ನದೇ ವೇಗದಲ್ಲಿ ಕಲಿಯುತ್ತಿದ್ದಾನೆ" ಎಂದರು ಟೀಚರ್. ಮಾವ ಕಾರು ಹತ್ತುವ ತನಕ ತಡೆದುಕೊಂಡಿದ್ದು, "ವೇಗ ಎಲ್ಲಿ ಕಂಡಿತಂತಮ್ಮಾ ಆಯಮ್ಮನಿಗೆ?" ಎಂದರು. ಇಂಗ್ಲಿಷಿನಲ್ಲಿ ಅವನಿಗೆ ಗಟ್ಟಿಯಾಗಿ ಗೊತ್ತಿರುವುದು ಎ ಮತ್ತು ಓ. ಎ ತನ್ನ ಹೆಸರಿನದಾದ್ದರಿಂದ ಊರಿನ ಎಲ್ಲ ಎಗಳೂ ತನ್ನ ಆಸ್ತಿ. ಅಂಗಡಿಯ ಬೋರ್ಡಿನಲ್ಲಿ ಕಂಡರೆ "ನಂದು!" ಅಂತ ಕೂಗುತ್ತಾನೆ. ಮಕ್ಕಳು ಸಾಮಾನ್ಯವಾಗಿ ತಮ್ಮ ಹೆಸರಿನ ಮೊದಲಕ್ಷರವನ್ನೇ ಮೊದಲು ಗುರುತಿಸುತ್ತಾರಂತೆ. "ಹಾಗಾದರೆ ಅ ಯಾಕೆ ಬರಲಿಲ್ಲ? ಅದೂ ಅವನ ಹೆಸರೇ ತಾನೆ?" ಎಂದು ಮಾವನ ಲಾ ಪಾಯಿಂಟು. ಯಾರ ಹತ್ತಿರವೂ ಉತ್ತರವಿರಲಿಲ್ಲ.

ನನ್ನ ಗಂಡ ಫೋನು ತೆಗೆದು, ಇಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 2022ರಲ್ಲಿ ಪರಿಷ್ಕರಿಸಿದ ಪಟ್ಟಿ ತೋರಿಸಿದರು. ಐದು ವರ್ಷದ ಹೊತ್ತಿಗೆ ಮಗು, ಬೆರಳಿಟ್ಟು ತೋರಿಸಿದ ಕೆಲವು ಅಕ್ಷರಗಳ ಹೆಸರು ಹೇಳಿದರೆ ಸಾಕು ಅಂತಿದೆ ಅದರಲ್ಲಿ.

"ಕೆಲವು ಅಂದರೆ ಎಷ್ಟೋ?"

"ಕೆಲವು ಅಂದರೆ ಕೆಲವು, ಅಪ್ಪ."

"ಸರ್ಕಾರ ಆಡೋ ಮಾತೇನೋ ಇದು!"

ನಾನೂ ಕೈ ಜೋಡಿಸಿದೆ. ಕನ್ನಡ ಓದಲು ಕಲಿಯುವ ಮಕ್ಕಳ ಬಗ್ಗೆ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನವಿದೆ ಮಾವ, ಕಾಗುಣಿತ, ಒತ್ತು ಎಲ್ಲ ಇರುವ ನಮ್ಮ ಅಕ್ಷರ ಕೈವಶವಾಗುವುದು ನಿಧಾನ, ಮೊದಲ ತರಗತಿಗಳನ್ನು ದಾಟಿಯೂ ಎಳೆಯುತ್ತದಂತೆ ಎಂದೆ. "ಅವರು ನನ್ನ ಸ್ಕೂಲಿಗೆ ಬಂದಿರಲಿಲ್ಲ" ಎಂದು ಹೇಳಿ ಮಾವ ಸೀರಿಯಲ್ ಡಬ್ಬದ ರಟ್ಟು ಕತ್ತರಿಸಲು ಕೂತರು. 49 ಕಾರ್ಡು, ಕಪ್ಪು ಮಾರ್ಕರಿನಲ್ಲಿ ಮುತ್ತು ಪೋಣಿಸಿದಂಥ ಬರಹ. ಅಗ್ಗು ಅವುಗಳ ಮೇಲೆ ಕಾರು ಓಡಿಸಿದ.

ಇನ್ನು ಭಾನುವಾರಕ್ಕೆ ಬರೋಣ. ಕನ್ನಡ ಸಂಘದ ಸ್ನೇಹಿತರು ಬಿಸಿಬೇಳೆಬಾತಿಗೆ ಬಂದಿದ್ದರು. ತಟ್ಟೆ ಇನ್ನೂ ಎತ್ತಿರಲಿಲ್ಲ, ಮಾವ ಕಾರ್ಡುಗಳನ್ನು ಕಾರ್ಪೆಟ್ಟಿನ ಮೇಲೆ ಹರಡಿ, "ಮರೀ, ಅ ಎಲ್ಲಿದೆ ತೋರಿಸು" ಎಂದರು. ಮರಿ ಒಂದೊಂದೇ ಕಾರ್ಡು ನೋಡುತ್ತ ಅ ದಾಟಿತು, ಆ ದಾಟಿತು, ಇಡೀ ಸ್ವರಮಾಲೆಯನ್ನು ಮೊಣಕಾಲಲ್ಲಿ ತುಳಿದು ಹೋಗಿ ಠ ಎತ್ತಿಕೊಂಡಿತು. "ಅಜ್ಜ, ಇನ್ನೊಂದು ಬರಿ."

ಮಾವನ ಮುಖ ಅರಳಿತು. "ನೋಡಿದ್ರಾ, ಕೇಳಿ ಬರೆಸಿಕೊಳ್ತಿದ್ದಾನೆ!" ಎನ್ನುತ್ತ ಇನ್ನೊಂದು ರಟ್ಟಿನ ಮೇಲೆ ಠ ಬರೆದು, ನಡುವೆ ಬೊಟ್ಟಿಟ್ಟು ಕೊಟ್ಟರು. ಅಗ್ಗು ಎರಡೂ ಠಗಳನ್ನು ಪಕ್ಕಪಕ್ಕ ಇಟ್ಟ. ಅಜ್ಜನ ಡಬ್ಬಿಯಿಂದಲೇ ಒಂದು ಬಳಪ ತೆಗೆದು ಎರಡರ ನಡುವೆ ಅಡ್ಡ ಮಲಗಿಸಿದ. ಆಮೇಲೆ ಎದ್ದು ನಿಂತು, ಇಡೀ ಸಭೆಗೆ ಕೇಳುವ ಹಾಗೆ ಹೇಳಿದ: "ಇದು ಅಜ್ಜ."

ಸೋಫಾದ ಮೇಲಿದ್ದ ಎಂಟನೇ ಕ್ಲಾಸಿನ ನಮ್ಮ ಮಗಳು ದಿಂಬಿನಲ್ಲಿ ಮುಖ ಹುದುಗಿಸಿದಳು. ತನಿಖೆ ನಡೆಯಿತು. ಠ, ಒಂದು ಅಡ್ಡಗೆರೆ, ಮತ್ತೊಂದು ಠ: ಕನ್ನಡದ ಗಂಧಗಾಳಿ ಇಲ್ಲದವರೂ ಅಂತರ್ಜಾಲದಲ್ಲಿ ಅಸಮಾಧಾನದ ಮುಖಕ್ಕೆ ಇದನ್ನು ಬರೆಯುತ್ತಾರೆ. ಇವಳು ಗೆಳತಿಯರಿಗೆ ಕಳಿಸುವುದನ್ನು ತಮ್ಮ ಪಕ್ಕದಲ್ಲಿ ಕೂತು ನೋಡಿದ್ದಾನೆ, ಯಾರಿದು ಅಂತ ಯಾರೂ ಹೇಳಿಕೊಡದೆ ಗುರುತು ಹಿಡಿದಿದ್ದಾನೆ.

ಮಾವ ತಲೆಯೆತ್ತಿದರು. ಅಯ್ಯೋ, ಎತ್ತಬಾರದಿತ್ತು. ಅದೇ ದುಂಡು ಕನ್ನಡಕ, ಒಳಗೆ ಅದೇ ಅಲುಗದ ಕರಿಗುಡ್ಡೆ, ಮೇಲೆ ತಲೆಕಟ್ಟಿನ ಹಾಗೆ ಕೊಂಕಿದ ಹುಬ್ಬು, ಬಿಗಿದು ಅಡ್ಡಗೆರೆಯಾದ ತುಟಿ. ಸಭೆ ಕಾರ್ಡು ನೋಡಿತು, ಮಾವನನ್ನು ನೋಡಿತು, ಮತ್ತೆ ಕಾರ್ಡು ನೋಡಿತು. ಸ್ನೇಹಿತರೊಬ್ಬರಿಗೆ ಬಾತು ನೆತ್ತಿಗೇರಿತು. ಅತ್ತೆ ನೀರು ತರುವ ನೆಪದಲ್ಲಿ ಒಳಗೆ ಹೋದವರು ಬರಲೇ ಇಲ್ಲ. ಫ್ರಿಜ್ಜಿನ ಹಿಂದಿನಿಂದ ಬರೀ ಉಸಿರು ಕೇಳುತ್ತಿತ್ತು. ಇಷ್ಟು ವರ್ಷ ಅವರೂ ಆ ಮುಖಕ್ಕೆ ಹೆಸರು ಹುಡುಕುತ್ತಿದ್ದರು ಅಂತ ಕಾಣುತ್ತದೆ.

"ಸುಮಾರು 450ರ ಹಲ್ಮಿಡಿ ಶಾಸನ ನಮ್ಮ ಜಿಲ್ಲೆಯದು" ಎಂದರು ಮಾವ, ಕೊನೆಗೆ. "ಅಷ್ಟು ಹಳೇ ಲಿಪಿಯನ್ನ ತಂದು ಮೂತಿ ಮಾಡಿಟ್ಟಿದ್ದೀರಿ." ಹೇಳುವಾಗಲೂ ಮುಖ ಹಾಗೇ ಇತ್ತು. ಹೊಸ ಅಲೆ ನಗು. ಅಂದಿನಿಂದ ಕ್ಲಾಸು ಬಂದ್.

ಬಂದ್ ಆದದ್ದು ಮೇಷ್ಟ್ರ ಕಡೆಯಿಂದ ಮಾತ್ರ. ಮಂಗಳವಾರ ಮಧ್ಯಾಹ್ನ ಮಾವ ರಿಕ್ಲೈನರಿನಲ್ಲಿ ನಿದ್ದೆ ಹೋಗಿದ್ದರು, ಕನ್ನಡಕ ಎದೆಯ ಮೇಲೆ. ಅಗ್ಗು ಕಾರ್ಡಿನ ಕಟ್ಟು ಕೆದಕಿ, ರ ಹುಡುಕಿ ತಂದು ಅವರ ತೊಡೆಯ ಮೇಲಿಟ್ಟ. ಒಂದೇ ರ ಇತ್ತು. ನನ್ನ ಹತ್ತಿರ ಬಂದು ಪಿಸುಗುಟ್ಟಿದ: "ಅಮ್ಮ, ಅಜ್ಜನ ಕಣ್ಣು ಕ್ಲೋಸ್. ಡಾಟ್ ಇಲ್ಲ."

ರಗೂ ಠಗೂ ಇರುವ ವ್ಯತ್ಯಾಸ ಆ ಒಂದು ಬೊಟ್ಟು. ಒಂದನೇ ಕ್ಲಾಸಿನ ಮಕ್ಕಳು ಅಲ್ಲೇ ಎಡವುತ್ತಾರೆ ಅಂತ ಮಾವನೇ ಎಷ್ಟೋ ಸಲ ಹೇಳಿದ್ದರು. ಎದ್ದ ಮೇಲೆ ಹೇಳಿದೆ. ಅವರು ಏನೂ ಅನ್ನಲಿಲ್ಲ. ರಟ್ಟು ತೆಗೆದುಕೊಂಡು ಇನ್ನೊಂದು ರ ಬರೆದು, ಕಟ್ಟಿನ ಮೇಲೆಯೇ ಇಟ್ಟರು. ರಾತ್ರಿ ಅರಸೀಕೆರೆಯ ಗೆಳೆಯರಿಗೆ ಫೋನು: "ರ ಬಂತು ಕಣಯ್ಯಾ, ತಾನಾಗೇ ಕಲಿತ! ಈ ಊರಲ್ಲಿ ಅವಸರ ಮಾಡಲ್ಲ, ಮಕ್ಕಳ ವೇಗಕ್ಕೆ ಬಿಡ್ತಾರೆ, ಅದೇ ಸರಿ." ಠ ಸುದ್ದಿ ಮಾತ್ರ ಎತ್ತಲಿಲ್ಲ.

ಈಗ ಓದುಗರಲ್ಲಿ ಒಂದು ಬೇಡಿಕೆ. ಅಗ್ಗು ಠ ಅಂದರೆ ಅಜ್ಜ ಅನ್ನುವುದನ್ನು ಬಿಡಬೇಕಾದರೆ ಅದರ ಜಾಗಕ್ಕೆ ಬೇರೆ ಪದ ಬೇಕು. ಹುಡುಕಿದರೆ ಸಿಗುವುದು ಠಸ್ಸೆ, ಠಾಣೆ, ಠೇವಣಿ, ಠರಾವು. ಅಕ್ಷರವೋ ತಾಲ್ಲೂಕು ಕಚೇರಿಯೋ ತಿಳಿಯದು. ಠಕ್ಕ ಅಂತ ಕಲಿಸಿದರೆ ಅದನ್ನೂ ಯಾರಿಗೆ ಅಂಟಿಸುತ್ತಾನೋ ಹೇಳಲಾಗದು. ನಾಲ್ಕು ವರ್ಷದ ಮಗು ಕಣ್ಣಾರೆ ಕಂಡು, ಕೈಲಿ ಮುಟ್ಟಬಲ್ಲ ಠಕಾರದ ವಸ್ತು ಏನಾದರೂ ನಿಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಮಾವನವರ ವಾಪಸ್ ಟಿಕೆಟ್ಟು ನವೆಂಬರಿಗಿದೆ.