ಗ್ರಿಲ್ಲಿನೊಳಗಿನ ಚೆಂಡುಹೂವು

ಆಯುಧಪೂಜೆಯ ದಿನ ಕಾರಿನ ಬಹುತೇಕ ಅಂಗಗಳಿಗೆ ಮರ್ಯಾದೆ ಸಲ್ಲುತ್ತದೆ. ಬಾನೆಟ್ಟಿಗೆ ಅರಿಸಿನ ಕುಂಕುಮ, ಸ್ಟಿಯರಿಂಗಿಗೆ ಗಂಧ, ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣು, ವೈಪರಿಗೂ ಒಂದೆಳೆ ಹೂವು. ಗ್ರಿಲ್ಲಿನ ಹಿಂದೆ ಕೂತ ಎ.ಸಿ.ಯ ಕಂಡೆನ್ಸರಿಗೆ ಮಾತ್ರ ಹಬ್ಬದಲ್ಲಿ ಎರಡು ಪೆಟ್ಟು. ಹಿಂದಿನ ಸಂಜೆ ವಾಟರ್ ಸರ್ವಿಸ್‌ನ ಹುಡುಗ ನಳಿಕೆಯನ್ನು ಗ್ರಿಲ್ಲಿಗೇ ಗುರಿಯಿಟ್ಟು ನೀರು ಚಿಮ್ಮಿಸುತ್ತಾನೆ. ಮರುದಿನ ಮನೆಯವರು ಅದೇ ಗ್ರಿಲ್ಲಿಗೆ ಮಾರುದ್ದದ ಚೆಂಡುಹೂವಿನ ಹಾರ ಬಿಗಿದು, ಎರಡೂ ಪಕ್ಕ ಬಾಳೆಕಂದು ಕಟ್ಟಿ, ಗಾಳಿ ನುಗ್ಗುವ ದಾರಿಯನ್ನು ಭಕ್ತಿಯಿಂದ ಮುಚ್ಚುತ್ತಾರೆ.

ಈ ಲೇಖಕನ ಮನೆಯಲ್ಲಿ ಹಾರ ತಾನಾಗಿ ಉದುರುವವರೆಗೆ ಯಾರೂ ಕೀಳುವಂತಿಲ್ಲ. ಉದುರಿತು, ಅರ್ಧ ರಸ್ತೆಗೆ, ಅರ್ಧ ಒಳಕ್ಕೆ. ಅಂದಿನಿಂದ ಎ.ಸಿ.ಗೆ ಒಂದು ವಿಚಿತ್ರ ಬುದ್ಧಿ ಬಂತು. ಮೈಸೂರು ಹೈವೇಯಲ್ಲಿ ಹಲ್ಲು ಕಟಕಟಿಸುವಷ್ಟು ತಂಪು, ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತರೆ ಮೂಗಿಗೆ ಬಿಸಿಗಾಳಿ. “ಟ್ರಾಫಿಕ್ ಕಂಡ್ರೆ ಅದಕ್ಕೂ ತಲೆ ಬಿಸಿಯಾಗತ್ತೆ, ನಿಮ್ಮ ಸಹವಾಸ ಅಲ್ವಾ” ಎಂದು ಹೆಂಡತಿ ಪಕ್ಕದ ಸೀಟಿನಿಂದಲೇ ರೋಗನಿರ್ಣಯ ಮಾಡಿದಳು.

ಅವಳ ಮಾತು ಅರ್ಧ ಸರಿಯೇ. ಎ.ಸಿ. ಮಾಡುವುದು ಶುದ್ಧ ಕೂಲಿ ಕೆಲಸ: ಒಳಗಿನ ಬಿಸಿಯನ್ನು ಹೊತ್ತೊಯ್ದು ಹೊರಗೆ ಸುರಿಯುವುದು. ಹೊರುವ ಕೂಲಿ ಆರ್ 134ಎ ಎಂಬ ಅನಿಲ. ಚಿಕ್ಕ ಕಾರಿನಲ್ಲಿ ಸುಮಾರು ಅರ್ಧ ಕಿಲೋ ಇರುತ್ತದೆ. ವಾತಾವರಣದ ಒತ್ತಡದಲ್ಲಿ ಅದು ಮೈನಸ್ 26 ಡಿಗ್ರಿಯಲ್ಲೇ ಕುದಿಯುತ್ತದೆ. ಡ್ಯಾಶ್‌ಬೋರ್ಡಿನ ಹಿಂದಿನ ಕೂಲಿಂಗ್ ಕಾಯಿಲ್‌ನಲ್ಲಿ ಕುದಿಯುವುದಕ್ಕೆ ಬೇಕಾದ ಶಾಖವನ್ನು ನಮ್ಮ ಬೆವರಿನ ಗಾಳಿಯಿಂದ ಕಿತ್ತುಕೊಳ್ಳುತ್ತದೆ. ಇಲ್ಲಿಯವರೆಗೆ ಸುಲಭ. ಹೊತ್ತದ್ದನ್ನು ಇಳಿಸುವುದೆಲ್ಲಿ? ಮೇ ತಿಂಗಳ ರಾಯಚೂರಿನಲ್ಲಿ ಹೊರಗೇ 42 ಡಿಗ್ರಿ. ಬಿಸಿ ಹರಿಯುವುದು ತನಗಿಂತ ತಣ್ಣಗಿರುವ ಕಡೆಗಷ್ಟೇ. ಹಾಗಾಗಿ ಅನಿಲವನ್ನು ರಾಯಚೂರಿಗಿಂತಲೂ ಬಿಸಿ ಮಾಡಬೇಕು. ಕಂಪ್ರೆಸರ್ ಅದನ್ನು ಹಿಂಡಿ ಹಿಂಡಿ 200 ಪಿಎಸ್‌ಐ ಆಸುಪಾಸಿಗೆ ಒಯ್ಯುತ್ತದೆ. ನಾವು ಬಂಕಿನಲ್ಲಿ ಟೈರಿಗೆ ಹಾಕಿಸುವುದು 30 ಚಿಲ್ಲರೆ ಎಂಬುದನ್ನು ನೆನೆದರೆ ಆ ಪುಟ್ಟ ಯಂತ್ರದ ಮೇಲೆ ಗೌರವ ಬರುತ್ತದೆ. ಕುದಿಬಿಸಿಯ ಆ ಅನಿಲ ರೇಡಿಯೇಟರಿನ ಮುಂದೆ ನಿಂತಿರುವ ಕಂಡೆನ್ಸರ್ ಹೊಕ್ಕು, ಅಲ್ಯೂಮಿನಿಯಂ ಕೊಳವೆಗಳಲ್ಲಿ ಸುತ್ತಿ, ಎದುರುಗಾಳಿಗೆ ಬಿಸಿಯನ್ನೊಪ್ಪಿಸಿ ದ್ರವವಾಗುತ್ತದೆ. ಮುಂದೆ ಎಕ್ಸ್‌ಪಾನ್ಷನ್ ವಾಲ್ವಿನ ಕಿರಿದಾದ ಬಾಯಿ ದಾಟಿ ಒತ್ತಡ ಕಳೆದುಕೊಂಡು, ತಣ್ಣಗಾಗಿ, ಮತ್ತೆ ಕೂಲಿಗೆ.

ಗಾಡಿ ಓಡುವಾಗ ಗಾಳಿ ಪುಕ್ಕಟೆ. ನಿಂತಾಗ ಫ್ಯಾನೇ ಗತಿ. ಓಡುವಾಗ ತಂಪಾಗಿದ್ದು ಸಿಗ್ನಲ್ಲಿನಲ್ಲಿ ಕೈಕೊಟ್ಟರೆ ಮೊದಲ ಅನುಮಾನ ಫ್ಯಾನಿನ ಮೇಲೆ, ಎರಡನೆಯದು ಕಂಡೆನ್ಸರಿಗೆ ಕೂತ ಕಸದ ಮೇಲೆ. ಫ್ಯಾನು ತಿರುಗುತ್ತಿತ್ತು.

ಹೀಗೆ ಒಂದು ಭಾನುವಾರ ಬೆಳ್ಳಂಬೆಳಗ್ಗೆ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಈ ಲೇಖಕ ಲುಂಗಿ ಎತ್ತಿ ಕಟ್ಟಿ, ಹಣೆಗೆ ಟಾರ್ಚ್ ಬಿಗಿದುಕೊಂಡು, ಗ್ರಿಲ್ಲಿನ ಮುಂದೆ ಮೊಣಕಾಲೂರಿದ. ಮೇಲಿನ ಪ್ಲಾಸ್ಟಿಕ್ ಹೊದಿಕೆಯ ಕ್ಲಿಪ್ಪುಗಳನ್ನು ಕಿತ್ತ. ಅವುಗಳಲ್ಲೊಂದು ಸಂಪ್ರದಾಯದಂತೆ ಎಂಜಿನ್ನಿನ ಗರ್ಭಕ್ಕೆ ಬಿತ್ತು. ಒಳಗೆ ಒಂದು ಮ್ಯೂಸಿಯಮ್ಮೇ ಇತ್ತು. ಮುಂಗಾರಿನ ಮಳೆಹುಳುಗಳ ರೆಕ್ಕೆ. ರಸ್ತೆಯ ಮೇಲೆಯೇ ಹುರುಳಿ, ರಾಗಿ ಒಕ್ಕಣೆ ಮಾಡುವ ಊರುಗಳನ್ನು ದಾಟಿ ಬಂದದ್ದಕ್ಕೆ ಹೊಟ್ಟು. ಎಲ್ಲಿಯದೋ ಕೋಳಿಪುಕ್ಕ. ಇವೆಲ್ಲದರ ಮೇಲೆ ಒಣಗಿ ಕಂದಿದ ಚೆಂಡುಹೂವಿನ ಎಸಳುಗಳು, ಕಂಡೆನ್ಸರಿನ ತೆಳು ತಗಡಿನ ಫಿನ್ನುಗಳ ಒಂದೊಂದು ಸಂದಿಯಲ್ಲೂ ಒಂದೊಂದು, ಪೂಜೆಗೆ ಕೂತಂತೆ. ಆ ಫಿನ್ನುಗಳೋ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ದಪ್ಪ. ಉಗುರು ತಾಗಿದರೂ ಬಗ್ಗುತ್ತವೆ. ವಾಟರ್ ಸರ್ವಿಸ್‌ನ ಹುಡುಗನ ಕೃಪೆಯಿಂದ ಅಂಗೈಯಗಲದ ಜಾಗ ಆಗಲೇ ಚಪ್ಪಟೆಯಾಗಿ ಮಲಗಿತ್ತು. ಮಗಳ ಡ್ರಾಯಿಂಗ್ ಬ್ರಷ್ಷಿನಿಂದ ಸವರಿ, ಹುಬ್ಬು ತೀಡುವ ಚಿಮಟದಿಂದ ಎಸಳು ಕಿತ್ತು, ಫಿನ್ ನೆಟ್ಟಗೆ ಮಾಡುವ ಪುಟ್ಟ ಬಾಚಣಿಗೆಯಿಂದ ಮೇಲಿನಿಂದ ಕೆಳಕ್ಕೆ ಎಳೆಯುವುದು. ಉಸಿರು ಬಿಗಿಹಿಡಿದು ಇನ್ನೊಂದು ಸಾಲು. ಪೇಪರ್ ಹಾಕುವ ಹುಡುಗ ಸೈಕಲ್ ನಿಲ್ಲಿಸಿದ. ವಾಚ್‌ಮನ್ ಕುರ್ಚಿ ತಂದು ಹಾಕಿಕೊಂಡ. ಮೊದಲ ಮಹಡಿಯ ಅಜ್ಜಿ ಬಾಲ್ಕನಿಯಿಂದ ಬಗ್ಗಿ ಬಹಳ ಹೊತ್ತು ನೋಡಿ, “ಏನಪ್ಪಾ, ಕಾರಿಗೆ ಹೇನಾ?” ಎಂದರು. ಇಲ್ಲ ಅಜ್ಜಿ, ಹೂವು ಎಂದದ್ದಕ್ಕೆ, “ಹಾಗಾದ್ರೆ ಸೀರಣಿಗೆ ಯಾಕೆ?” ಅಷ್ಟರಲ್ಲಿ ಪಕ್ಕದ ಫ್ಲ್ಯಾಟಿನ ಎಂಜಿನಿಯರ್ ಬಂದು, ಒಂದು ಎಸಳು ತಾನೂ ಕೀಳಬಹುದೇ ಎಂದು ಸಂಕೋಚದಿಂದ ಕೇಳಿದರು. ಕಿತ್ತು, ಅಂಗೈಯಲ್ಲಿಟ್ಟುಕೊಂಡು ನೋಡಿ, ಇನ್ನೊಂದಕ್ಕೆ ಕೈ ಹಾಕಿದರು. ಮುಂದಿನ ಎಸಳಿಗೆ ವಾಚ್‌ಮನ್ ಸರದಿಯಲ್ಲಿದ್ದ. ಅಲ್ಲಿಗೆ ಇದು ಸಾಂಘಿಕ ಕಾರ್ಯಕ್ರಮವಾಗಿ, ಮೇಲಿನಿಂದ ಕಾಫಿ ಇಳಿದು ಬಂತು. ಕೊನೆಯ ಎಸಳು ಬಂದಾಗ ಚಪ್ಪಾಳೆ ತಟ್ಟಿದವನು ಪೇಪರ್ ಹುಡುಗ. ಆ ಬೆಳಿಗ್ಗೆ ಆ ಬೀದಿಗೆ ಪೇಪರ್ ತಡವಾಯಿತು.

ನಿಜಕ್ಕೂ ಇಷ್ಟೆಲ್ಲ ಬೇಕಿಲ್ಲ. ಎಂಜಿನ್ ಆರಿದ ಮೇಲೆ ಗಿಡಕ್ಕೆ ಹಾಕುವ ಪೈಪಿನ ಮೆಲುಧಾರೆ, ಒಂದು ಮೆತ್ತನೆ ಬ್ರಷ್ಷು, ಅಷ್ಟೆ. ಕೊಳವೆಯ ಜೋಡಣೆಯ ಬಳಿ ಎಣ್ಣೆಜಿಡ್ಡಿಗೆ ಧೂಳು ಅಂಟಿದ್ದರೆ ಅಲ್ಲಿ ಅನಿಲ ಸೋರುತ್ತಿದೆ ಎಂದು ಅನುಮಾನಿಸಬೇಕು, ಏಕೆಂದರೆ ಕಂಪ್ರೆಸರಿನ ಎಣ್ಣೆಯೂ ಅನಿಲದ ಜೊತೆಗೇ ತಿರುಗುತ್ತಿರುತ್ತದೆ. ಅಮೆರಿಕದ ಪ್ಯಾಕರ್ಡ್ ಕಂಪನಿ 1939ರಲ್ಲಿ ಮೊದಲ ಬಾರಿಗೆ ಕಾರಿನಲ್ಲಿ ಎ.ಸಿ. ಮಾರಿದಾಗ ತಂಪಿನ ಪೆಟ್ಟಿಗೆ ಡಿಕ್ಕಿಯ ಅರ್ಧ ನುಂಗುತ್ತಿತ್ತು. ಕಂಪ್ರೆಸರ್ ನಿಲ್ಲಿಸಬೇಕೆಂದರೆ ಇಳಿದು, ಬಾನೆಟ್ ಎತ್ತಿ, ಬೆಲ್ಟ್ ಕಳಚಬೇಕಿತ್ತು. ಅವರ ಮುಂದೆ ಚಿಮಟ ಏನು ಮಹಾ.

ಕೋಪ ಬರುವುದು ಬೇರೆ ಕಡೆ. ಬೇಸಿಗೆ ಬಂದರೆ ಸಾಕು, ಬಾನೆಟ್ ಎತ್ತುವ ಮೊದಲೇ “ಗ್ಯಾಸ್ ಹೋಗಿದೆ ಸಾರ್” ಎನ್ನುವವರಿದ್ದಾರೆ. ಪೆಟ್ರೋಲಿನ ಹಾಗೆ ಓಡಿದಷ್ಟೂ ಖರ್ಚಾಗುವ ವಸ್ತುವಲ್ಲ ಅದು. ಎಷ್ಟೋ ವರ್ಷಗಳಲ್ಲಿ ರಬ್ಬರ್ ಪೈಪುಗಳಿಂದ ಚೂರುಪಾರು ಜಿನುಗಬಹುದು. ಪ್ರತಿ ಬೇಸಿಗೆಗೂ ಖಾಲಿಯಾಗುತ್ತಿದ್ದರೆ ಎಲ್ಲೋ ತೂತಿದೆ. ತೂತು ಹುಡುಕದೆ ತುಂಬಿಸಿದ್ದು ಇನ್ನೊಂದು ಬೇಸಿಗೆಗೆ ಆಕಾಶದ ಪಾಲು. ಓಝೋನ್ ಪದರ ತಿನ್ನುತ್ತಿದ್ದ ಹಳೆಯ ಆರ್ 12 ಅನಿಲವನ್ನು 1987ರ ಮಾಂಟ್ರಿಯಲ್ ಒಪ್ಪಂದ ಮೂಲೆಗೆ ತಳ್ಳಿತು. ಅದರ ಜಾಗಕ್ಕೆ ಬಂದ 134ಎ ಓಝೋನಿಗೆ ಸಾಧು. ಭೂಮಿ ಬಿಸಿ ಮಾಡುವುದರಲ್ಲಿ ಮಾತ್ರ ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿನ 1430 ಪಟ್ಟು. ಅರ್ಧ ಕಿಲೋ ಸೋರಿತೆಂದರೆ 300 ಲೀಟರ್ ಪೆಟ್ರೋಲ್ ಸುಟ್ಟಷ್ಟು ಕೇಡು. ಇನ್ನು ಒಳಗೆ ಕೂತವರ ಮೈಯಿಂದ ಕಿತ್ತ ಬಿಸಿ ಕಂಡೆನ್ಸರಿನಿಂದ ಇಳಿಯುವುದು ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ನಿಂತ ಆಟೋದವನ ಕಾಲಿಗೆ, ನಡುರಸ್ತೆಯ ಟ್ರಾಫಿಕ್ ಪೊಲೀಸಿನ ಮೊಣಕಾಲಿಗೆ. ಅವರಿಗೆ ಯಾರೂ ಗ್ಲಾಸು ಏರಿಸಿಕೊಡುವುದಿಲ್ಲ.

ಮುಂದಿನ ಸಲ ಯಾರಾದರೂ ಗ್ಯಾಸ್ ಹಾಕಬೇಕು ಎಂದರೆ, ಮೊದಲು ಎಲ್ಲಿ ಸೋರುತ್ತಿದೆ ತೋರಿಸಿ ಎಂದು ಕೇಳಿ. ತೋರಿಸಿದರೆ ರಿಪೇರಿ ಮಾಡಿಸಿಯೇ ಗ್ಯಾಸ್ ಹಾಕಿಸಿ. ತೋರಿಸದಿದ್ದರೆ ಗಾಡಿ ತಿರುಗಿಸಿಕೊಂಡು ಬನ್ನಿ.